ಕಾರಿನ ಗ್ಲಾಸ್ ಗಡಗಡಕ್ಕೆ ಹೊಸ ಚಾನೆಲ್ ರಬ್ಬರ್: ಎರಡು ಮಳೆಗಾಲ ಬಳಸಿದ ಮೇಲೆ

ನಮ್ಮ ಮನೆ ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ. ಕೊನೆಯ ಎರಡು ಕಿಲೋಮೀಟರ್ ಮಣ್ಣುರಸ್ತೆ. ಕಾರಿಗೆ 11 ವರ್ಷ. ಎಡಗಡೆ ಮುಂದಿನ ಬಾಗಿಲಿನ ಗ್ಲಾಸ್ ಪೂರ್ತಿ ಏರಿಸಿದರೆ ಸುಮ್ಮನಿರುತ್ತಿತ್ತು, ಅರ್ಧ ಇಳಿಸಿದರೆ ಗಡಗಡ. ಆ ಸೀಟು ಅಪ್ಪನದು. ಬಾಯಲ್ಲಿ ಸದಾ ಎಲೆಅಡಿಕೆಯ ಕವಳ, ಹಾಗಾಗಿ ಗ್ಲಾಸ್ ಇಳಿಸಲೇಬೇಕು. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವ ತನಕ ನನಗೆ ಅದೇ ವಾದ್ಯ.

ಗ್ಯಾರೇಜಿನವರು ಗ್ಲಾಸ್ ಏರಿಸುವ ಮಷೀನೇ ಬದಲಿಸಬೇಕು ಅಂದರು. ನನಗೆ ಯಾಕೋ ನಂಬಿಕೆ ಬರಲಿಲ್ಲ. ಗ್ಲಾಸ್ ಎಲ್ಲೂ ಓರೆಯಾಗದೆ ಏರಿಳಿಯುತ್ತಿತ್ತು. ಅಂಚು ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿದರೆ ಮಾತ್ರ ಟಕಟಕ. ಗ್ಲಾಸ್ ಓಡುವ ರಬ್ಬರಿನ, ಅಂದರೆ ಚಾನೆಲ್ ರಬ್ಬರಿನ, ಒಳಮೈಗೆ ಮಖಮಲ್ಲಿನಂಥ ನಯವಾದ ಜುಂಗು ಇರುತ್ತದೆ, ಗಾಜನ್ನು ಬಿಗಿ ಹಿಡಿಯುವುದು ಅದೇ. ನಮ್ಮದರಲ್ಲಿ ಅದು ಪೂರ್ತಿ ಸವೆದು, ಸಂದಿಯಲ್ಲಿ ಕೆಂಪು ಮಣ್ಣು ಕೂತಿತ್ತು.

ಮೊದಲು ಸಿಲಿಕೋನ್ ಸ್ಪ್ರೇ ಹೊಡೆದೆ. ಗ್ಲಾಸ್ ಬೆಣ್ಣೆಯ ಹಾಗೆ ಜಾರಿತು, ಸದ್ದು ಮಾತ್ರ ಹೋಗಲಿಲ್ಲ. ಸವೆದ ಜಾಗವನ್ನು ಸ್ಪ್ರೇ ತುಂಬುವುದಿಲ್ಲ, ಅಲ್ವಾ. ಅದಕ್ಕೂ ಮುಂಚೆ ಯಾರದೋ ಮಾತು ಕೇಳಿ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಅದು ಧೂಳು ಹಿಡಿದು ಕೆಸರಾಯಿತು. ಗ್ರೀಸ್ ಹಚ್ಚುವವರೂ ಇದ್ದಾರೆ, ಅದೂ ಧೂಳು ಹಿಡಿಯುತ್ತದೆ, ರಬ್ಬರನ್ನೂ ಕೆಡಿಸಬಹುದು.

ಕೊನೆಗೆ ಹುಬ್ಬಳ್ಳಿಯಿಂದ ನಮ್ಮ ಮಾಡೆಲ್ಲಿನ ಚಾನೆಲ್ ರಬ್ಬರ್ ತರಿಸಿದೆ, 650 ರೂಪಾಯಿ. ಕೂಲಿ 300. ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವುದು ಅಗ್ಗ, ಆದರೆ ಇದರಲ್ಲಿ ಬಾಗಿಲಿನ ಮೂಲೆಗೆ ಸರಿಯಾದ ತಿರುವು ಮೊದಲೇ ಇತ್ತು. ಮೊದಲ ವಾರ ಗ್ಲಾಸ್ ತಿಣುಕುತ್ತಾ ಏರುತ್ತಿತ್ತು. ಒಮ್ಮೆ ಸಿಲಿಕೋನ್ ಹೊಡೆದ ಮೇಲೆ ಸರಿಹೋಯಿತು. ಈಗ ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ, ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿ, ಒಣಗಿದ ಮೇಲೆ ಹೊಡೆಯುತ್ತೇನೆ. ಇವತ್ತಿಗೂ ಗಡಗಡ ಇಲ್ಲ.

ನನ್ನ ತಕರಾರು ರಬ್ಬರಿನ ಮೇಲಲ್ಲ, ಹಾಕಿದ ಕೈಯ ಮೇಲೆ. ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ಬಿಚ್ಚುವಾಗ ಮೂರು ಕ್ಲಿಪ್ ಮುರಿದರು, ಹೇಳಲೂ ಇಲ್ಲ. ಗ್ಲಾಸಿನ ಸದ್ದು ಹೋಗಿ ಪ್ಯಾಡಿನ ಸದ್ದು ಬಂತು! ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನೂ ಸರಿಯಾಗಿ ಅಂಟಿಸಿರಲಿಲ್ಲ. ಬಾಗಿಲೊಳಗೆ ಇಳಿಯುವ ಮಳೆನೀರನ್ನು ಸೀಟಿನ ಕಡೆ ಬರದಂತೆ ತಡೆಯುವುದೇ ಅದು. ಜೂನ್ ಮೊದಲ ಮಳೆಗೆ ಅಪ್ಪನ ಕಾಲಡಿಯ ಮ್ಯಾಟ್ ತೊಪ್ಪೆ. ಆಮೇಲೆ ನಾನೇ ಬಿಚ್ಚಿ ಅಂಟಿಸಿದೆ. ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳೂ ಮಣ್ಣಿನಿಂದ ಮುಚ್ಚಿದ್ದವು, ಹಿಡಿಕಡ್ಡಿಯಿಂದ ಬಿಡಿಸಿದೆ.

ಬಲಗಡೆ ಬಾಗಿಲೂ ಈಗೀಗ ಶುರುಮಾಡಿದೆ. ಅದಕ್ಕೂ ಇದೇ ರಬ್ಬರ್ ತರಿಸುತ್ತೇನೆ. ಪ್ಯಾಡ್ ಬಿಚ್ಚುವಾಗ ಮಾತ್ರ ಚಹಾ ಕುಡಿಯಲು ಹೋಗದೆ ಪಕ್ಕದಲ್ಲೇ ನಿಂತಿರುತ್ತೇನೆ.