ನಂದಿ: ಬುಡದ ಗುಡಿ, ಮೇಲಿನ ಬೆಟ್ಟ

ನಂದಿಗೆ ಬರುವವರಲ್ಲಿ ಹೆಚ್ಚಿನವರು ಸೂರ್ಯೋದಯಕ್ಕೆಂದು ನೇರವಾಗಿ ಗಿರಿಧಾಮಕ್ಕೆ ಹತ್ತಿ, ಬುಡದ ಭೋಗನಂದೀಶ್ವರ ದೇವಾಲಯವನ್ನು ನೋಡದೆಯೇ ಮರಳುತ್ತಾರೆ. ನನ್ನ ಸಲಹೆ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಬೇಕೆಂಬುದು. ಮನುಷ್ಯ ಕಡೆದ ಚೆಲುವೂ ತಾನಾಗಿ ಬೆಳೆದ ಚೆಲುವೂ ನಮ್ಮಿಂದ ಬೇರೆಬೇರೆ ಬಗೆಯ ಗಮನವನ್ನು ಬೇಡುತ್ತವೆ ಎಂಬುದು ಇಲ್ಲಿ ಅರ್ಧ ದಿನದಲ್ಲೇ ಮನವರಿಕೆಯಾಗುತ್ತದೆ.

9ನೆಯ ಶತಮಾನದಲ್ಲಿ ಆರಂಭವಾಗಿ ಚೋಳ, ಹೊಯ್ಸಳ, ವಿಜಯನಗರದ ಕಾಲಗಳಲ್ಲಿ ಬೆಳೆದ ಈ ಗುಡಿಯಲ್ಲಿ, ಉಮಾಮಹೇಶ್ವರ ಸನ್ನಿಧಿಯ ಮುಂದಿನ ಕಪ್ಪು ಕಲ್ಲಿನ ಕಲ್ಯಾಣ ಮಂಟಪವನ್ನು ನಿಧಾನವಾಗಿ ನೋಡಬೇಕು. ಅದರ ಕಂಬಗಳ ಬಳ್ಳಿ, ಹಕ್ಕಿಗಳನ್ನು ಮೆಚ್ಚುವಾಗ ನಾವು ಮೆಚ್ಚುವುದು ಉಳಿ ಹಿಡಿದ ಕೈಯನ್ನು, ಆ ಕೈಯ ಹಿಂದಿದ್ದ ಉದ್ದೇಶವನ್ನು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಅಂಗಳ ಚೊಕ್ಕಟವಾಗಿದೆ.

1,478 ಮೀಟರ್ ಎತ್ತರದ ಬೆಟ್ಟದ ಮೇಲೆ ಇಂಥ ಉದ್ದೇಶವೂ ಇಲ್ಲ, ಚೌಕಟ್ಟೂ ಇಲ್ಲ. ಮಂಜು, ಗಾಳಿ, ಕಾಲಡಿಯ ಬಂಡೆ ಎಲ್ಲವೂ ನಮ್ಮನ್ನು ಒಳಗೊಂಡೇ ಇರುವುದರಿಂದ, ಕಟ್ಟೆಯಂಚಿನಲ್ಲಿ ನಿಂತು ಅದನ್ನು ಒಂದು ಚಿತ್ರದಂತೆ ನೋಡಿ ಬಂದವರಿಗೆ ಬೆಟ್ಟದ ಬಹುಭಾಗ ದಕ್ಕುವುದೇ ಇಲ್ಲ. ಜರ್ಮನ್ ತತ್ವಜ್ಞಾನಿ ಕಾಂಟ್ 1790ರಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾನೆ: ಅತಿಥಿಗಳನ್ನು ಮೆಚ್ಚಿಸಲು ಪೊದೆಯಲ್ಲಿ ಹುಡುಗನೊಬ್ಬನನ್ನು ಅಡಗಿಸಿ ಹಕ್ಕಿಯ ದನಿಯನ್ನು ಅನುಕರಿಸುವಂತೆ ಮಾಡಿದರೆ, ಗುಟ್ಟು ತಿಳಿದ ಕ್ಷಣವೇ ಆ ಹಾಡು ಕೇಳುವವರಿಗೆ ಬೇಡವಾಗುತ್ತದೆ. ಮಂಟಪದ ಹಕ್ಕಿ ಕಲ್ಲಿನದೆಂದು ತಿಳಿದೇ ನಾವು ಬೆರಗಾಗುತ್ತೇವೆ. ಬೆಟ್ಟದ ಪೊದೆಯಲ್ಲಿ ಕೂಗುವ ಹಳದಿ ಕತ್ತಿನ ಪಿಕಳಾರ ಮಾತ್ರ ನಿಜವಾಗಿಯೇ ಇರಬೇಕು. ಪ್ರಕೃತಿಯ ಚೆಲುವಿನಲ್ಲಿ ನೇರ ಆಸಕ್ತಿ ತಳೆಯುವುದು ಒಳ್ಳೆಯ ಮನಸ್ಸಿನ ಗುರುತು, ಕಲೆಯ ಅಭಿರುಚಿಗೆ ಆ ಭರವಸೆ ಇಲ್ಲ ಎಂದೂ ಅವನು ವಾದಿಸಿದ. ಕಲೆಯ ಬಗೆಗಿನ ಮಾತು ನನಗೆ ಕಠಿಣವೆನಿಸಿದರೂ ಮೊದಲ ಭಾಗವನ್ನು ಒಪ್ಪುತ್ತೇನೆ.

ಆದರೆ ಆ ಆಸಕ್ತಿ ನಡವಳಿಕೆಯಲ್ಲಿ ಕಾಣಬೇಕು. ಗುಡಿಯ ಕಂಬದ ಮೇಲೆ ಹೆಸರು ಕೆತ್ತುವವನನ್ನು ಎಲ್ಲರೂ ಗದರಿಸುತ್ತಾರೆ. ಅರ್ಕಾವತಿ ಹುಟ್ಟುವ ಇದೇ ಬೆಟ್ಟದ ಇಳಿಜಾರಿಗೆ ಬಾಟಲಿ ಎಸೆಯುವವನನ್ನು ತಡೆಯುವವರು ವಿರಳ. ಇದು ನನಗೆ ತೀರ ನೋವಿನ ಸಂಗತಿ.

ವಾರಾಂತ್ಯದ ನಸುಕಿನಲ್ಲಿ ವಾಹನಗಳ ಸಾಲು ಬಹಳ ಉದ್ದವಿರುತ್ತದೆ, ಆದ್ದರಿಂದ ವಾರದ ನಡುವೆ ಹೋಗುವುದು ಒಳ್ಳೆಯದು. ಸೂರ್ಯೋದಯ ನೋಡಿದವರು ಇಳಿಯತೊಡಗಿದ ಮೇಲೆ ಮರಗಳ ನಡುವಿನ ಹಾದಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಉಳಿಯಿರಿ. ದುರ್ಬೀನು ಇದ್ದರೆ ಜೊತೆಗಿರಲಿ, ಕೋತಿಗಳಿಗೆ ತಿನಿಸು ಕೊಡಬೇಡಿ.