ದೇವರಾಜ ಮಾರ್ಕೆಟ್‌ನ ಬೋರ್ಡಿಲ್ಲದ ಹೂವಿನಂಗಡಿ ಮತ್ತು ನಮ್ಮ ಮೇಸ್ತ್ರಿಯ ಹಾರ

ನಮ್ಮ ರಸ್ತೆ ಕೆಲಸದ ಗ್ಯಾಂಗಿನಲ್ಲಿ ಯಾರು ರಿಟೈರ್ ಆದರೂ ಹಾರ ತರುವ ಕೆಲಸ ನನ್ನದು. ನನ್ನ ಮನೆ ಮೈಸೂರಿನೊಳಗೆ ಇದೆ, ಸ್ಕೂಟರ್ ಬೇರೆ ಇದೆ, ಅದಕ್ಕೆ. ಮಿಕ್ಕ ದಿನ ನಾನು ರಸ್ತೆ ಮೇಲೆ. ಗುಂಡಿ ಮುಚ್ಚುವುದು, ಚರಂಡಿ ಹೂಳು ಎತ್ತುವುದು, ಜಂಗಲ್ ಕಟಿಂಗ್ ಅಂದರೆ ರಸ್ತೆ ಬದಿಯ ಗಿಡಗಂಟಿ ಕಡಿಯುವುದು, ಕಿಲೋಮೀಟರ್ ಕಲ್ಲಿನ ತಲೆಗೆ ಹಸಿರು ಬಣ್ಣ ಬಳಿಯುವುದು. ನಾಲ್ಕು ವರ್ಷದಲ್ಲಿ ಒಂಬತ್ತು ಹಾರ ತಂದಿದ್ದೇನೆ. ಅದರಲ್ಲಿ ಏಳು ಒಂದೇ ಅಂಗಡಿಯದು.

ಇಷ್ಟೊಂದು ಹಾರ ಯಾಕೆ ಅಂದರೆ, ನಮ್ಮಲ್ಲಿ ಖಾಯಂ ಆಗಿರುವವರೆಲ್ಲ 1984ರ ಜುಲೈ 1ಕ್ಕೆ ಮುಂಚೆ ದಿನಗೂಲಿಗೆ ಸೇರಿದವರು. ಆ ತಾರೀಕಿಗಿಂತ ಮೊದಲು ಸೇರಿ ಹತ್ತು ವರ್ಷ ದುಡಿದವರನ್ನು ಸರ್ಕಾರ ಖಾಯಂ ಮಾಡಿತು. ಆಗ ಹದಿನೆಂಟು ಇದ್ದ ಹುಡುಗರಿಗೂ ಈಗ ಅರವತ್ತು. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಸಲಿಕೆ ಕೆಳಗಿಡಬೇಕು. ಹಾಗಾಗಿ ತಿಂಗಳ ಕೊನೆ ಬಂತೆಂದರೆ ನಾನು ಮಾರ್ಕೆಟ್‌ಗೆ ಓಡಬೇಕು.

ಮೊದಲ ಎರಡು ಹಾರ ಬೇರೆ ಕಡೆ ತಗೊಂಡಿದ್ದೆ. ಹೆಸರು ಬೇಡ ಬಿಡಿ. ರೆಡಿ ಹಾರ, ನೋಡಲು ಜೋರಾಗಿತ್ತು. ನಮ್ಮ ಟಾರು ಕಾಯಿಸುವ ಅಣ್ಣನ ಕತ್ತಿಗೆ ಹಾಕಿದರೆ ಮಂಡಿಗೆ ಬಂತು. ಚಮಕಿ ದಾರ ಕತ್ತು ಗೀರಿತು. ನೀಲಿ ಹೂವು ಇದ್ದವಲ್ಲ, ಅವು ಬಣ್ಣ ಅದ್ದಿದ ಬಿಳಿ ಹೂವು. ಒದ್ದೆ ಇದ್ದದ್ದರಿಂದ ಬಣ್ಣವೆಲ್ಲ ಹೊಸ ಬಿಳಿ ಶರ್ಟ್‌ಗೆ ಇಳಿದುಬಿಟ್ಟಿತು. ಇಷ್ಟು ವರ್ಷ ಟಾರಿನ ಕಲೆಯಲ್ಲೇ ಓಡಾಡಿದ ಮನುಷ್ಯ, ಅವತ್ತು ಒಂದು ದಿನ ಬೆಳ್ಳಗೆ ಬಂದಿದ್ದರು.

ಆಮೇಲೆ ಈ ಅಂಗಡಿ ಸಿಕ್ಕಿತು. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋಗಿ ಹೂವಿನ ಸಾಲು ಕೇಳಿ. ಬೋರ್ಡು ಇಲ್ಲ. ಒಂದು ಹಳೇ ಮರದ ಕಟ್ಟೆ, ಅದರ ಮೇಲೆ ಕಾಲು ಮಡಚಿ ಕೂತ ಅಮ್ಮ, ಪಕ್ಕದಲ್ಲಿ ಅವರ ಮಗ. ಅಮ್ಮ ಮೊದಲ ಸಲ ಕೇಳಿದ್ದೇ ಹೀಗೆ: "ಹಾರ ಯಾರಿಗಪ್ಪಾ? ದೇವರಿಗಾ, ಹೆಣಕ್ಕಾ, ಮನುಷ್ಯರಿಗಾ?" ಮನುಷ್ಯರಿಗೆ ಅಂದೆ. "ಎಷ್ಟು ಎತ್ತರ? ಹೊಟ್ಟೆ ಇದೆಯಾ?" ಅಂದರು. ಟೈಲರ್ ಕೂಡ ಅಷ್ಟು ಕೇಳುವುದಿಲ್ಲ. ಬಿಳಿ ಶರ್ಟ್ ಹಾಕುತ್ತಾರೆ ಅಂದಾಗ ಬಣ್ಣದ ಹೂವಿನ ಬುಟ್ಟಿ ಆಚೆ ತಳ್ಳಿದರು. ನಾನು ಇನ್ನೂ ನೀಲಿ ಕಲೆಯ ಕಥೆ ಹೇಳಿರಲೇ ಇಲ್ಲ.

ಈ ಸಲದ್ದು ನಮ್ಮ ಮೇಸ್ತ್ರಿಯ ಹಾರ. ಡಿಸೆಂಬರ್ 31ಕ್ಕೆ ರಿಟೈರ್. ಧನುರ್ಮಾಸ, ಮದುವೆ ಇಲ್ಲ, ಹೂವು ಅಗ್ಗ ಇರುತ್ತೆ ಅಂದುಕೊಂಡು ಹಿಂದಿನ ದಿನ ಆರ್ಡರ್ ಕೊಡಲು ಹೋದೆ. ನನ್ನ ಬುದ್ಧಿಗೆ ಏನು ಹೇಳಲಿ. ಡಿಸೆಂಬರ್ 30, ವೈಕುಂಠ ಏಕಾದಶಿ. ಮಾರ್ಕೆಟ್‌ನಲ್ಲಿ ಕಾಲಿಡಲು ಜಾಗ ಇಲ್ಲ. ಅರಮನೆಯಲ್ಲಿ ಫಲಪುಷ್ಪ ಪ್ರದರ್ಶನ ಬೇರೆ, ಸುತ್ತಮುತ್ತ ಗಾಡಿ ಅಲ್ಲಾಡುತ್ತಿಲ್ಲ. ಮಾಮೂಲಿ 350 ರೂಪಾಯಿಯ ಹಾರಕ್ಕೆ 650 ಅಂದರು. ಚೌಕಾಸಿ ಮಾಡಿ 600ಕ್ಕೆ ಬಂತು.

ಮಲ್ಲಿಗೆ ಕೇಳಿದೆ. ಅಮ್ಮ ನಕ್ಕರು. ಚಳಿಯಲ್ಲಿ ಮಲ್ಲಿಗೆ ಮೊಗ್ಗು ಬಿಡುವುದೇ ಕಡಿಮೆ, ಬಂದ ನಾಲ್ಕು ಮೊಗ್ಗಿಗೆ ಚಿನ್ನದ ರೇಟು. "ಮಾಗಿಯಲ್ಲಿ ಸೇವಂತಿಗೆ ಹಾಕ್ಸಿಕೊಳ್ಳಪ್ಪ, ಇದು ಅದರ ಕಾಲ" ಅಂದರು. ಹಗಲು ಚಿಕ್ಕದಾದರೆ ಸೇವಂತಿಗೆ ಮೊಗ್ಗು ಕಟ್ಟುತ್ತದಂತೆ. ಬೇಗ ಅರಳುವುದು ಬೇಡ ಅನ್ನುವ ರೈತರು ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ ಗಿಡವನ್ನು ಏಮಾರಿಸುತ್ತಾರೆ. ದೊಡ್ಡಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಆ ಬಲ್ಬಿನ ಸಾಲು ನೋಡಿ ಏನೋ ಜಾತ್ರೆ ಅಂದುಕೊಂಡಿದ್ದೆ.

ಅಮ್ಮ ಕಟ್ಟುವುದನ್ನು ನಿಂತು ನೋಡಬೇಕು. ಹಳದಿ ಸೇವಂತಿಗೆಯ ತೊಟ್ಟನ್ನು ಉಗುರಲ್ಲಿ ಚಿವುಟಿ, ಅಂಗೈಯಲ್ಲಿ ಒಮ್ಮೆ ತೂಗಿ ನೋಡುತ್ತಾರೆ. ಹಗುರ ಇದ್ದರೆ ಪಕ್ಕಕ್ಕೆ. ಒದ್ದೆ ಬಟ್ಟೆಯೊಳಗಿಂದ ಬಾಳೆ ನಾರು ಎಳೆದು, ಎರಡು ಹೂವು ಆಚೆ ಎರಡು ಈಚೆ ಇಟ್ಟು ಒಂದು ಗಂಟು. ನಡುನಡುವೆ ಮರುಗ. ಕತ್ತಿನ ಹಿಂದೆ ಬರುವ ಒಂದು ಗೇಣು ಜಾಗಕ್ಕೆ ಹೂವೇ ಹಾಕುವುದಿಲ್ಲ, ಬರೀ ಮೆತ್ತನೆ ಬಟ್ಟೆ ಸುತ್ತುತ್ತಾರೆ. ಇದನ್ನು ಬೇರೆ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ.

ನನ್ನದೊಂದು ಆಸೆ ಇತ್ತು. ನಾವು ಕೆಲಸ ಮಾಡುವ ರಸ್ತೆಯಲ್ಲಿ ಒಂದು ಆಕಾಶಮಲ್ಲಿಗೆ ಮರ ಇದೆ. ಚಳಿಗಾಲದಲ್ಲಿ ರಾತ್ರಿಯೆಲ್ಲ ಹೂವು ಸುರಿಸುತ್ತದೆ. ಬೆಳಿಗ್ಗೆ ಹೋದರೆ ಉದ್ದ ತೊಟ್ಟಿನ ಬಿಳಿ ಹೂವು ರಸ್ತೆ ತುಂಬ. ಟ್ಯಾಕ್ ಕೋಟ್, ಅಂದರೆ ಮೇಲಿನ ಪದರ ಅಂಟಲು ಬಳಿಯುವ ತೆಳು ಟಾರು, ಹೊಡೆಯುವ ಮುಂಚೆ ರಸ್ತೆ ಚೊಕ್ಕಟ ಇರಬೇಕು, ಧೂಳು ಕಸ ಇದ್ದರೆ ಮೇಲಿನ ಪದರ ಕಚ್ಚಿಕೊಳ್ಳುವುದಿಲ್ಲ. ಪೊರಕೆ ಹಿಡಿದು ಗುಡಿಸುತ್ತಿದ್ದರೆ ಹಿಂದೆಯೇ ಟಪ್ ಟಪ್ ಅಂತ ಬೀಳುತ್ತಿದ್ದವು. "ಗುಡಿಸ್ರೋ, ಟಾರಿಗೆ ಹೂವಿನ ಪೂಜೆ ಬೇಡ" ಅಂತ ಮೇಸ್ತ್ರಿ ಕೂಗುತ್ತಿದ್ದರು. ಆದರೆ ಪ್ರತಿ ಸಲ ಒಂದು ಬೊಗಸೆ ಆರಿಸಿ ಟವೆಲ್ ತುದಿಗೆ ಕಟ್ಟಿಕೊಳ್ಳುತ್ತಿದ್ದವರೂ ಅವರೇ.

ಆ ಹೂವನ್ನು ಹಾರಕ್ಕೆ ಸೇರಿಸಿ ಅಂತ ಅಮ್ಮನನ್ನು ಕೇಳಿದೆ. "ನೆಲಕ್ಕೆ ಬಿದ್ದ ಹೂವು ನಾನು ಕಟ್ಟಲ್ಲ" ಅಂದುಬಿಟ್ಟರು.

"ಪಾರಿಜಾತ ಬಿದ್ದದ್ದನ್ನೇ ಅಲ್ವಾ ಅಮ್ಮ ಆರಿಸೋದು?"

ಸ್ವಲ್ಪ ಹೊತ್ತು ಸುಮ್ಮನೆ ಗಂಟು ಹಾಕಿದರು. "ತಗೊಂಡು ಬಾ. ಮಧ್ಯಾಹ್ನಕ್ಕೆ ಬಾಡಿದರೆ ನನ್ನ ಬೈಬೇಡ."

31ರ ಬೆಳಿಗ್ಗೆ ಕತ್ತಲಿರುವಾಗಲೇ ಹೋಗಿ ಆರಿಸಿದೆ. ಸೀಸನ್ ಮುಗಿಯುತ್ತಾ ಬಂದಿತ್ತು, ಎರಡು ಬೊಗಸೆ ಸಿಕ್ಕಿತು ಅಷ್ಟೇ. ಅಮ್ಮ ಅದನ್ನು ಹಾರದ ಕೆಳಗಿನ ಕುಚ್ಚಿಗೆ ಸೇರಿಸಿ, ಒದ್ದೆ ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ. "ನಿಂದು ಯಾವಾಗ ರಿಟೈರು?" ಅಂತ ಕೇಳಿದರು. ನಾನು ಹೊರಗುತ್ತಿಗೆ, ನಮಗೆ ತಾರೀಕು ಇರಲ್ಲ ಅಂದೆ. ಅಮ್ಮ ಏನೂ ಹೇಳಲಿಲ್ಲ, ಚಿಲ್ಲರೆ ಎಣಿಸಿದರು.

ಸಂಜೆ ನಾಲ್ಕಕ್ಕೆ ಸನ್ಮಾನ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಎಲ್ಲ ಆಯಿತು. ಹಾರ ಸರಿಯಾಗಿ ಎದೆಯ ಕೆಳಗೆ ನಿಂತಿತು. ಸೇವಂತಿಗೆ ಒಂದು ಎಸಳೂ ಉದುರಿರಲಿಲ್ಲ. ಆಕಾಶಮಲ್ಲಿಗೆ ಮಾತ್ರ ಕಂದಿಹೋಗಿತ್ತು, ಅಮ್ಮ ಹೇಳಿದ ಹಾಗೇ. ಮೇಸ್ತ್ರಿ ಕುಚ್ಚು ಎತ್ತಿ ಮೂಸಿದರು. ಸಾಹೇಬರು ಇನ್ನೂ ಭಾಷಣ ಮಾಡುತ್ತಿದ್ದರು. ಮೇಸ್ತ್ರಿ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದರು: "ಗುಡಿಸಿದ್ಯೇನೋ?"

ಇನ್ನು ಅಂಗಡಿಯ ಕೊರತೆ ಹೇಳಬೇಕು. ಹೇಳಿದ ಟೈಮಿಗೆ ಹಾರ ಸಿಗುವುದಿಲ್ಲ. ಎಂಟು ಅಂದರೆ ಒಂಬತ್ತು ಅಂತ ಲೆಕ್ಕ ಇಟ್ಟುಕೊಳ್ಳಿ. ಹಬ್ಬದ ದಿನ ಅಮ್ಮನ ಬದಲು ಮಗ ಕಟ್ಟುತ್ತಾನೆ, ಅವನ ಗಂಟು ಸಡಿಲ. ಅಮ್ಮನೇ ಕಟ್ಟಬೇಕು ಅಂತ ಬಾಯಿಬಿಟ್ಟು ಹೇಳಬೇಕು, ಅವನು ಮುಖ ಊದಿಸಿಕೊಂಡರೂ ಪರವಾಗಿಲ್ಲ. ಮೊಳದ ಲೆಕ್ಕದಲ್ಲಿ ಕಟ್ಟಿದ ಹೂವು ತಗೊಳ್ಳುವವರಿಗೆ ಮಾತ್ರ ಮಗನೇ ವಾಸಿ, ಅವನ ಕೈ ಉದ್ದ.

ಅಂಗಡಿಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಜನವರಿ 31ಕ್ಕೆ ನಮ್ಮ ರೋಲರ್ ಅಣ್ಣಂದು. ಆರಡಿ ಆಳು, ಹೊಟ್ಟೆಯೂ ಇದೆ, ಎಲ್ಲ ಹೇಳಿ 200 ರೂಪಾಯಿ ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ. ನೀವು ಹೋಗುವುದಾದರೆ ಬೆಳಿಗ್ಗೆ ಏಳಕ್ಕೆ ಮುಂಚೆ ಹೋಗಿ, ಗಾಡಿ ದೂರ ನಿಲ್ಲಿಸಿ. ಪಂಚಾಂಗ ಒಂದ್ಸಲ ನೋಡಿಕೊಂಡು ಹೋಗಿ.