ಬೋಟಿನ ಬೆಲೆ ಕಟ್ಟಲು ಸುತ್ತಿಗೆ ಹಿಡಿದು ಬಂದರು

ನಮ್ಮದು ಮಲ್ಪೆಯ ಒಂದು ಸ್ಟೀಲ್ ಟ್ರಾಲ್ ಬೋಟು, ಬಲೆ ಎಳೆದು ಮೀನು ಹಿಡಿಯುವಂಥದ್ದು. 2014ರಲ್ಲಿ ಕಟ್ಟಿಸಿದ್ದು. ಬೋಟು ಅಪ್ಪನದು, ಕಾಗದಪತ್ರದ ತಲೆಬಿಸಿ ನನ್ನದು. ಈ ಸಲ ಇನ್ಶೂರೆನ್ಸ್ ರಿನ್ಯೂವಲ್‌ಗೆ ಹೋದಾಗ ಕಂಪನಿಯವರು, ಹೊಸದಾಗಿ ಸರ್ವೆ ಮಾಡಿಸಿ ಬೆಲೆ ಬರೆಸಿ ತನ್ನಿ ಅಂದರು.

ಮೂರು ವರ್ಷದ ಹಿಂದೆಯೂ ಒಬ್ಬರು ಸರ್ವೆಗೆ ಬಂದಿದ್ದರು. ಬಂದರಿನ ದಕ್ಕೆಯ ಮೇಲೆ ನಿಂತು ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದರು, ಚಾ ಕುಡಿದರು, ಅಪ್ಪ ಹೇಳಿದ ಮೊತ್ತವನ್ನೇ ಬರೆದುಕೊಂಡು ಹೋದರು. ಬೋಟಿಗೆ ಕಾಲಿಡಲಿಲ್ಲ. ಆಗ ನಮಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಈ ಸಲ ಬಂದವರು ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ ಲೈಸೆನ್ಸ್ ಇರುವವರು, ಹಡಗಿನ ಕೆಲಸದ ಅನುಭವ ಇರುವವರು. ಫೋನ್ ಮಾಡಿದಾಗ ಕೇಳಿದ ಮೊದಲ ಮಾತೇ "ಬೋಟು ನೀರಲ್ಲಿ ಉಂಟಾ, ಮೇಲೆ ಎಳೆದಿದ್ದೀರಾ?" ನೀರಲ್ಲಿದ್ದರೆ ಬರುವುದಿಲ್ಲ ಅಂದರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಅಲ್ವಾ, ಹಾಗಾಗಿ ಬಣ್ಣಕ್ಕೆಂದು ಮೇಲೆ ಎಳೆದಿದ್ದೆವು. ಬಣ್ಣ ಹೊಡೆಯುವ ಮೊದಲೇ ನೋಡಬೇಕು, ಆಮೇಲೆ ಎಲ್ಲ ಬೋಟೂ ಮದುಮಗಳೇ ಅಂತ ನಕ್ಕರು.

ಮಳೆ ಜಿಟಿಜಿಟಿ ಹೊಯ್ಯುತ್ತಿತ್ತು. ಹಳೇ ಪ್ಯಾಂಟ್ ಹಾಕಿಕೊಂಡು, ಕೈಯಲ್ಲಿ ಸಣ್ಣ ಸುತ್ತಿಗೆ ಹಿಡಿದು ಬಂದರು. ಮುಂದಿನ ತುದಿಯಿಂದ ಹಿಂದಿನವರೆಗೆ ತಳವನ್ನು ಬಡಿಯುತ್ತಾ ಹೋದರು. ಠಣ್, ಠಣ್, ಠಣ್. ಮೀನು, ಐಸು ತುಂಬುವ ಕೋಣೆಯ ಕೆಳಗೆ ಬಂದಾಗ ಸದ್ದು ಬದಲಾಯಿತು. ಡಬ್. ನನ್ನ ಕಿವಿಗೂ ಗೊತ್ತಾಯಿತು. ಅಲ್ಲಿ ನಾಣ್ಯದಷ್ಟು ಜಾಗದ ಬಣ್ಣ ಕೆರೆದು, ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಹಚ್ಚುತ್ತಾರಲ್ಲ, ಅಂಥದ್ದೇ ಜೆಲ್ ಹಚ್ಚಿ ಪ್ಲೇಟಿನ ದಪ್ಪ ಅಳೆಯುವ ಒಂದು ಮೀಟರ್ ಒತ್ತಿದರು. ಪ್ಲೇಟು ಹಾಕಿಸಿದಾಗ 6 ಮಿಲಿಮೀಟರ್ ಇತ್ತು. ಈಗ ತೋರಿಸಿದ್ದು 3.9. ಐಸು ಕರಗಿದ ನೀರು, ಉಪ್ಪು, ಮೀನಿನ ರಕ್ತ ಎಲ್ಲ ಅಲ್ಲೇ ನಿಂತು ಒಳಗಿನಿಂದ ತಿಂದಿತ್ತು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಅಪ್ಪ ಮಾತೇ ಆಡಲಿಲ್ಲ.

ಆಮೇಲೆ ಎಂಜಿನ್ ರೂಮು. ಟಾರ್ಚ್ ಹಿಡಿದು ಎಂಜಿನ್ ನಂಬರ್ ಓದಿದರು, ಆರ್‌ಸಿ ಪುಸ್ತಕ ಕೇಳಿದರು. ಎರಡೂ ಬೇರೆ ಬೇರೆ! ಎರಡು ವರ್ಷದ ಹಿಂದೆ ಎಂಜಿನ್ ಬದಲಿಸಿದ್ದೆವು, ಮೀನುಗಾರಿಕೆ ಇಲಾಖೆಯಲ್ಲಿ ಬರೆಸುವುದು ಮರೆತೇ ಹೋಗಿತ್ತು. "ಕ್ಲೇಮ್ ಬಂದ ದಿನ ಕಂಪನಿಯವರು ಮೊದಲು ಹುಡುಕುವುದೇ ಇಂಥದ್ದನ್ನು" ಅಂದರು. ಬೆಂಕಿ ಆರಿಸುವ ಸಿಲಿಂಡರಿನ ದಿನಾಂಕವೂ ಮುಗಿದಿತ್ತು. ಬಲೆ ಎಳೆಯುವ ವಿಂಚ್, ಗೇರ್‌ಬಾಕ್ಸ್, ಜಿಪಿಎಸ್, ಫಿಶ್ ಫೈಂಡರ್ ಎಲ್ಲಕ್ಕೂ ಬೇರೆ ಬೇರೆ ಬೆಲೆ ಹಾಕಿದರು. ಬಲೆಗೆ ಇಲ್ಲ, ಅದು ನಮ್ಮ ಪಾಲಿಸಿಯಲ್ಲಿ ಸೇರುವುದಿಲ್ಲ.

ಜಗಳ ಆದದ್ದು ಮೊತ್ತಕ್ಕೆ. ಅಪ್ಪನಿಗೆ 90 ಲಕ್ಷ ಬೇಕು. ಹೊಸದು ಕಟ್ಟಿಸಲು ಕೋಟಿ ದಾಟುತ್ತದೆ ಅನ್ನುವುದು ಅವರ ವಾದ. ಸರ್ವೇಯರ್ ಹೇಳಿದ್ದು 66. "ನೀವೇ ಇದನ್ನು ಇವತ್ತು ದುಡ್ಡು ಕೊಟ್ಟು ತೆಗೆದುಕೊಳ್ಳುವುದಾದರೆ ಎಷ್ಟು ಕೊಡ್ತೀರಿ, ಹೇಳಿ ಮಾರಾಯ್ರೆ?" ಹೋದ ತಿಂಗಳಷ್ಟೇ ಪಕ್ಕದ ಮನೆಯವರ ಇದೇ ವಯಸ್ಸಿನ ಬೋಟಿಗೆ 60 ಕೂಡ ಜಾಸ್ತಿ ಅಂದಿದ್ದವರು ನಮ್ಮಪ್ಪ. ನಾನು ಬೇರೆ ಕಡೆ ನೋಡಿದೆ.

ಸರ್ವೇಯರ್ ಬಿಡಿಸಿ ಹೇಳಿದ್ದು ಹೀಗೆ. 1963ರ ಕಡಲ ವಿಮೆ ಕಾಯ್ದೆಯಂತೆ, ಪಾಲಿಸಿಯಲ್ಲಿ ಬೆಲೆ ಒಪ್ಪಿ ಬರೆದಿದ್ದರೆ, ಮೋಸ ಇಲ್ಲದಿದ್ದರೆ, ಬೋಟು ಪೂರ್ತಿ ಹೋದಾಗ ಆ ಬೆಲೆಯ ಮೇಲೆ ಮತ್ತೆ ಚೌಕಾಸಿ ಇಲ್ಲ. ಹಾಗಾಗಿ ಬರೆಯುವಾಗಲೇ ಅದು ನಿಲ್ಲುವ ಸಂಖ್ಯೆ ಆಗಿರಬೇಕು. ಎಂಜಿನ್ ಬದಲಿಸಿದ್ದು, ಪ್ಲೇಟು ಸವೆದದ್ದು, ಗೊತ್ತಿದ್ದದ್ದನ್ನೆಲ್ಲ ಮೊದಲೇ ಹೇಳಬೇಕು.

2018ರ ಡಿಸೆಂಬರಿನಲ್ಲಿ ಇದೇ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಹತ್ತಿರದ ಕಡಲಲ್ಲಿ. ಆಮೇಲಿಂದ ತಳ ಸವೆದ ಬೋಟು ಅಂದರೆ ನನಗೆ ಮೊದಲು ನೆನಪಾಗುವುದು ದುಡ್ಡಲ್ಲ, ಬೋಟು ನಡೆಸುವ ನಮ್ಮ ತಾಂಡೇಲರು.

ಫೀಸು ಜಿಎಸ್‌ಟಿ ಬಿಟ್ಟು 8,500 ರೂಪಾಯಿ. ಮೂರು ಗಂಟೆ ಕೆಸರಿನಲ್ಲಿ ತೆವಳಿದ್ದಕ್ಕೆ ಇದು ಜಾಸ್ತಿ ಅಲ್ಲ. ದೂರುಗಳೂ ಉಂಟು. ನಾಲ್ಕು ದಿನ ಅಂದ ರಿಪೋರ್ಟ್ ಬಂದದ್ದು ಹನ್ನೊಂದನೇ ದಿನ. ಪೂರ್ತಿ ಇಂಗ್ಲಿಷಿನಲ್ಲಿ, ಅಪ್ಪನಿಗೆ ನಾನೇ ಓದಿ ಹೇಳಬೇಕಾಯಿತು. ಫೋಟೋಗಳು ಕಪ್ಪು ಬಿಳುಪು, ಪ್ಲೇಟು ಯಾವುದು ನೆರಳು ಯಾವುದು ಗೊತ್ತಾಗುವುದಿಲ್ಲ. ಬೋಟಿನ ಹೆಸರಿನಲ್ಲಿ ಒಂದಕ್ಷರ ತಪ್ಪು, ಇದನ್ನು ಮಾತ್ರ ಬಿಡುವ ಹಾಗಿಲ್ಲ.

ಆ ಜಾಗದ ಪ್ಲೇಟು ಕತ್ತರಿಸಿ ಹೊಸದು ಹಾಕಿಸಿದೆವು. ಬಿಲ್ಲು, ಫೋಟೋ, ತಿದ್ದಿಸಿದ ಆರ್‌ಸಿ ಕಳಿಸಿದೆ. ಮತ್ತೊಮ್ಮೆ ಬಂದು ಬಡಿದು ನೋಡಿ, ಬೇರೆ ಫೀಸು ಕೇಳದೆ 70 ಲಕ್ಷಕ್ಕೆ ಹೊಸ ರಿಪೋರ್ಟ್ ಕೊಟ್ಟರು. ಬೋಟಿನ ಹೆಸರು ಈ ಸಲ ಸರಿ ಇತ್ತು. ಅಪ್ಪನ ಇನಿಶಿಯಲ್ ತಪ್ಪಿತ್ತು.